ಕೊಸರಿನ ರೊಟ್ಟಿ

ಆಗಸ್ಟ್ 11, 2025, ಸೋಮವಾರ

ಅಡುಗೆಮನೆಯಲ್ಲಿ ಒಬ್ಬಳೇ ಗೊಣಗುತ್ತೀ, ಅದಕ್ಕಿಂತ ಬರೆದಾದರೂ ಇಡು ಎಂದು ಇವರು ಆಫೀಸಿನಲ್ಲಿ ಉಳಿದಿದ್ದ ಡೈರಿಯೊಂದನ್ನು ತಂದುಕೊಟ್ಟಿದ್ದಾರೆ. ಮೊದಲ ಏಳು ತಿಂಗಳ ಹಾಳೆಗಳನ್ನು ಖಾಲಿ ಬಿಟ್ಟು ಇವತ್ತಿನಿಂದ ಶುರು. ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ಮಗಳು ಪಿಂಕಿಗೆ ಹೇಳಿದ್ದೇನೆ. ಅವಳಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ ಎನ್ನುವುದು ಬೇರೆ ವಿಷಯ. ಇಲ್ಲೇ, ಈ ತೆಲುಗು ಊರಿನ ಮಲ್ಕಾಜ್‌ಗಿರಿಯಲ್ಲಿ ಹುಟ್ಟಿದ ಹುಡುಗಿ, ತೆಲುಗು ಕಲಿತಳು, ಇಂಗ್ಲಿಷ್ ಕಲಿತಳು, ಅವ್ವನ ಅಕ್ಷರ ಕಲಿಯಲಿಲ್ಲ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು.

ಡೈರಿ ಎಂದಮೇಲೆ ಹೆಸರು ಬರೆಯಬೇಕು. ಶರಣಬಸಮ್ಮ, ವಯಸ್ಸು ಐವತ್ತೊಂದು, ತವರು ಚಿತ್ತಾಪುರ. ಇವರು ಎಂದರೆ ಸೂರ್ಯಕಾಂತ, ರೈಲ್ವೆಯ ಸಿಗ್ನಲ್ ವಿಭಾಗ. ನನ್ನ ಕೆಲಸ ಜೋಳದ ಕಡಕ್ ರೊಟ್ಟಿ ಮಾರುವುದು, ಅಂಗಡಿ ಇಲ್ಲದೆ, ಫೋನಿನ ಮೇಲೆ. ಮೂರು ವರ್ಷದ ಹಿಂದೆ ಪಿಂಕಿ ಒಂದು ಕಂಪನಿಯ ಆ್ಯಪ್‌ನಲ್ಲಿ ಹಾಕಿದಳು, ಜಿಎಸ್‌ಟಿ ನಂಬರ್ ಮಾಡಿಸಿದೆವು, ಈಗ ಪುಣೆ, ಬೆಂಗಳೂರಿಗೂ ಹೋಗುತ್ತದೆ. ಹತ್ತು ರೊಟ್ಟಿಯ ಪ್ಯಾಕೆಟ್, ತೆರಿಗೆ ಸೇರಿ ಇನ್ನೂರ ಹತ್ತು ರೂಪಾಯಿ. ಹತ್ತರ ಮೇಲೆ ಒಂದು ಕೊಸರು. ಊರಲ್ಲಿ ಎಣಿಸಿ ಕೊಡುವ ಯಾವ ಪದಾರ್ಥವನ್ನೂ ಬರೀ ಎಣಿಕೆಗೆ ನಿಲ್ಲಿಸುತ್ತಿರಲಿಲ್ಲ. ಗಿರಾಕಿಗಳು ಹನ್ನೊಂದನೆಯದನ್ನು ನೋಡಿ ಖುಷಿಪಟ್ಟು ಬರೆಯುತ್ತಾರೆ, ಪಿಂಕಿ ಓದಿ ಹೇಳುತ್ತಾಳೆ.

ರೊಟ್ಟಿ ಬಡಿಯುವವಳು ಬಂಡೆಮ್ಮ. ಶಹಾಪುರದ ಕಡೆಯವಳು, ಗಂಡನ ಜೊತೆ ಕುಷಾಯಿಗೂಡದ ಒಂದು ಖೋಲಿಯಲ್ಲಿದ್ದಾಳೆ. ಮೊದಲು ಮಣಿಕೊಂಡದಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದಳು. ಎರಡು ವರ್ಷದ ಹಿಂದೆ ಇಟ್ಟಿಗೆ ಹೊತ್ತು ಏರುವಾಗ ಬಿದ್ದು ಬಲಭುಜ ಹೋಯಿತು. ಆ ಕೈ ಹೆಗಲಿಗಿಂತ ಮೇಲೆ ಹೋಗುವುದಿಲ್ಲ. ಇನ್ನೊಮ್ಮೆ ಭಾರ ಹೊತ್ತರೆ ಕೈಯೇ ನಿಂತುಹೋಗುತ್ತದೆ ಎಂದು ಗಾಂಧಿ ಆಸ್ಪತ್ರೆಯ ಡಾಕ್ಟರು ಹೇಳಿದ್ದಾರೆ. ರೊಟ್ಟಿ ಬಡಿಯಲು ಕೈ ಕೆಳಗಿದ್ದರೆ ಸಾಕು. ಏನು ಕೈ ಅವಳದು, ರೊಟ್ಟಿ ತಿರುಗುತ್ತಾ ತಿರುಗುತ್ತಾ ಹಂಚಿನಷ್ಟಗಲ ಆಗುತ್ತದೆ, ಅಂಚು ಎಲ್ಲೂ ಸೀಳು ಬಿಡುವುದಿಲ್ಲ. ರೊಟ್ಟಿಗೆ ಮೂರು ರೂಪಾಯಿ ಕೊಡುತ್ತೇನೆ, ಕೊಸರಿನ ರೊಟ್ಟಿಗೂ ಸೇರಿ. ನನ್ನ ವ್ಯಾಪಾರ ಇರುವವರೆಗೆ ನೀನು ಬುಟ್ಟಿ ಹೊರುವ ಮಾತಿಲ್ಲ ಎಂದು ಅವತ್ತೇ ಹೇಳಿದ್ದೇನೆ. ಆಳು ಎಂದು ನೋಡಿಲ್ಲ. ಎರಡು ಹೊತ್ತು ಚಹಾ ಇಬ್ಬರಿಗೂ ಒಂದೇ ಪಾತ್ರೆಯಲ್ಲಿ.

ಆಗಸ್ಟ್ 20, ಬುಧವಾರ

ಕಂಪನಿಯ ತಿಂಗಳ ಲೆಕ್ಕ ಬಂತು. ಇನ್ನೂರ ಹತ್ತರಲ್ಲಿ ಕಮಿಷನ್, ಅದರ ಜೊತೆ ಇನ್ನೊಂದು ಫೀ, ಆಮೇಲೆ ಕೊರಿಯರ್, ಒಟ್ಟು ಎಂಬತ್ತು ರೂಪಾಯಿ ಹಿಡಿದುಕೊಳ್ಳುತ್ತಾರೆ. ಹಿಡಿದುಕೊಂಡಿದ್ದರ ಮೇಲೆ ಮತ್ತೆ ನೂರಕ್ಕೆ ಹದಿನೆಂಟು ತೆರಿಗೆ, ಅದೂ ನನ್ನದೇ. ಕಿಸೆಗೆ ಕೈ ಹಾಕಿದವನಿಗೆ ಕೈ ಹಾಕಿದ ಕೂಲಿಯನ್ನೂ ಕೊಟ್ಟಂತೆ.

ನಮ್ಮ ತೆರಿಗೆ ಕಾಗದ ನೋಡುವ ಸುಬ್ಬರಾಯರಿಗೆ ಫೋನ್ ಮಾಡಿ ಬೈದೆ. ಪಾಪ, ಅವರಿಗೆ ಯಾಕೆ ಬೈಯಬೇಕು. ತಣ್ಣಗೆ ಹೇಳಿದರು, ರೊಟ್ಟಿಯ ಮೇಲೆ ನಾವು ಸರ್ಕಾರಕ್ಕೆ ಕಟ್ಟಬೇಕಾದ ನೂರಕ್ಕೆ ಐದನ್ನು ಈ ಹದಿನೆಂಟರಲ್ಲಿ ಮುರಿದುಕೊಳ್ಳುತ್ತೇವಂತೆ, ಅದಕ್ಕೆ ಕ್ರೆಡಿಟ್ ಅನ್ನುತ್ತಾರಂತೆ. ಹಾಗಾದರೆ ಸರಿ.

ಸೆಪ್ಟೆಂಬರ್ 4, ಗುರುವಾರ

ಬೆಳಿಗ್ಗೆ ಟಿವಿಯಲ್ಲಿ ಹೇಳಿದರು. ರೊಟ್ಟಿಯ ಮೇಲಿನ ತೆರಿಗೆ ಸೊನ್ನೆ. ಇಪ್ಪತ್ತೆರಡರಿಂದ ಚಪಾತಿ, ರೊಟ್ಟಿಗೆ ಒಂದು ಪೈಸೆ ತೆರಿಗೆ ಇಲ್ಲ. ನಾನು ಒಲೆಯ ಮೇಲೆ ಹಾಲಿಟ್ಟದ್ದು ಮರೆತು ನಿಂತೇ ನೋಡಿದೆ, ಹಾಲೆಲ್ಲ ಉಕ್ಕಿಹೋಯಿತು. ಉಕ್ಕಲಿ ಬಿಡು ಅಂದೆ.

ಇವರು ಸಂಜೆ ಜಿಲೇಬಿ ತಂದರು. ಬಂಡೆಮ್ಮನ ಖೋಲಿಗೂ ಕಾಲು ಕಿಲೋ ಕಟ್ಟಿಕೊಟ್ಟೆ. ಸೊನ್ನೆ ಆಯಿತೆಂದರೆ ನಿಮಗೆ ಉಳಿಯುತ್ತದೆಯೇ ಎಂದು ಕೇಳಿದಳು. ಉಳಿಯುತ್ತದೆ ಅಂದೆ. ಅವಳು ಮುಂದಿನದನ್ನು ಕೇಳಲಿಲ್ಲ. ಕೇಳುವ ಮೊದಲೇ ನಾನೇ ಹೇಳಿಬಿಟ್ಟೆ, ದಸರೆಯಿಂದ ರೊಟ್ಟಿಗೆ ಮೂರೂವರೆ ಎಂದು. ಅವಳ ಮುಖ ನೋಡಬೇಕಿತ್ತು. ನನಗೂ ಬಹಳ ಹಿತವಾಯಿತು.

ಸೆಪ್ಟೆಂಬರ್ 13, ಶನಿವಾರ

ಪುಣೆಯ ಒಬ್ಬಾಕೆ ಒಂದು ಸ್ಟಾರ್ ಕೊಟ್ಟಿದ್ದಾಳೆ. ರೊಟ್ಟಿ ಪುಡಿಯಾಗಿ ಬಂತಂತೆ, ಫೋಟೊ ಬೇರೆ. ಆ ಕೊರಿಯರ್‌ನವರು ಚೆಂಡಿನಂತೆ ಎಸೆದರೆ ರೊಟ್ಟಿ ಏನು ಮಾಡೀತು? ಬೇಗಂ ಬಜಾರ್‌ಗೆ ಹೋಗಿ ಸ್ವಲ್ಪ ದೊಡ್ಡ, ಗಟ್ಟಿ ರಟ್ಟಿನ ಡಬ್ಬ ಐದುನೂರು ತಂದೆ. ಸುತ್ತ ಮೆತ್ತಗೆ ಕಾಗದ ತುಂಬಲು ಜಾಗ ಇದೆ. ಇನ್ನು ಯಾರು ಒಂದು ಸ್ಟಾರ್ ಕೊಡುತ್ತಾರೆ ನೋಡುತ್ತೇನೆ.

ಸೆಪ್ಟೆಂಬರ್ 22, ಸೋಮವಾರ

ಇವತ್ತಿನಿಂದ ಸೊನ್ನೆ. ತೆರಿಗೆ ಇಳಿದದ್ದು ಗಿರಾಕಿಗೆ ಸಿಗಬೇಕು, ಬೆಲೆ ಇಳಿಸಿ ಎಂದು ಕಂಪನಿ ಮೇಲ್ ಕಳಿಸಿತ್ತು. ನ್ಯಾಯದ ಮಾತು. ಇನ್ನೂರ ಹತ್ತನ್ನು ಇನ್ನೂರು ಮಾಡಿದೆವು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೆಂಟು ಆರ್ಡರ್. ಬಂಡೆಮ್ಮ, ನಾನು, ಇಬ್ಬರೂ ಕೂತು ಬಡಿದೆವು. ಅವಳು ಊರಿನ ಯಾವುದೋ ಬೀಸುವ ಹಾಡು ಗುನುಗುತ್ತಿದ್ದಳು. ಸೊಂಟ ಹೋಯಿತು, ಆದರೆ ಖುಷಿಯ ದಣಿವು.

ಅಕ್ಟೋಬರ್ 13, ಸೋಮವಾರ

ಸುಬ್ಬರಾಯರು ಬರಹೇಳಿದ್ದರು. ಸ್ಟೇಷನ್ ಹತ್ತಿರ ಮೆಡಿಕಲ್ ಅಂಗಡಿಯ ಮೇಲೆ ಅವರ ಕೋಣೆ. ಕೂಡಿಸಿ, ನೀರು ಕೊಟ್ಟು, ಆಮೇಲೆ ಹೇಳಿದರು. ನೀರು ಕೊಟ್ಟಾಗಲೇ ನನಗೆ ತಿಳಿಯಬೇಕಿತ್ತು.

ರೊಟ್ಟಿಯ ಮೇಲೆ ತೆರಿಗೆ ಇಲ್ಲ, ಆದ್ದರಿಂದ ಕ್ರೆಡಿಟ್ ಕೂಡ ಇಲ್ಲ. ಕಂಪನಿಯ ಕಮಿಷನ್ನು, ಕೊರಿಯರ್ ಮೇಲಿನ ಹದಿನೆಂಟು ಹಾಗೆಯೇ ಇದೆ, ಅದು ಸೊನ್ನೆ ಆಗಿಲ್ಲ. ಮೊದಲು ಪ್ಯಾಕೆಟ್ಟಿಗೆ ಹದಿನಾಲ್ಕು ರೂಪಾಯಿ ಚಿಲ್ಲರೆ ಅಲ್ಲಿ ಕೊಟ್ಟು, ಅದರಲ್ಲಿ ಹತ್ತನ್ನು ಇಲ್ಲಿ ಮುರಿದುಕೊಳ್ಳುತ್ತಿದ್ದೆ. ಈಗ ಮುರಿದುಕೊಳ್ಳಲು ಏನೂ ಇಲ್ಲ. ಗಿರಾಕಿಗೆ ಹತ್ತು ಇಳಿಸಿದೆನಲ್ಲ, ಅದು ಸರ್ಕಾರದ ಹತ್ತಲ್ಲ, ನನ್ನ ಕೈಯ ಹತ್ತು.

ಹಾಗಾದರೆ ಈ ಹದಿನೆಂಟು ಯಾರ ಮೇಲಿನ ತೆರಿಗೆ ಎಂದು ಕೇಳಿದೆ. ಸುಬ್ಬರಾಯರು ತೆಲುಗಿನಲ್ಲಿ ಹೇಳಿದ್ದನ್ನು ನನ್ನ ಭಾಷೆಯಲ್ಲಿ ಬರೆಯುತ್ತೇನೆ: "ಇಷ್ಟು ದಿನ ಅದು ನಿಮ್ಮ ಕೈ ದಾಟಿ ಮುಂದಕ್ಕೆ ಹೋಗುತ್ತಿತ್ತಮ್ಮಾ. ಈಗ ನಿಮ್ಮ ಹತ್ತಿರ ಬಂದು ನಿಂತಿದೆ. ನಿಮ್ಮ ಮುಂದೆ ಯಾರೂ ಇಲ್ಲ."

ಬೆಲೆ ಮತ್ತೆ ಏರಿಸಿ ನೋಡೋಣ ಎಂದರೆ ಸೊಲ್ಲಾಪುರದ ಯಾರೋ ನೂರ ಎಂಬತ್ತೊಂಬತ್ತಕ್ಕೆ ಹಾಕಿದ್ದಾರೆ. ಎರಡು ರೂಪಾಯಿ ಏರಿಸಿದರೂ ಆ್ಯಪ್‌ನ ಪಟ್ಟಿಯಲ್ಲಿ ನಮ್ಮ ಹೆಸರು ಕೆಳಗೆ ಹೋಗುತ್ತದೆ ಎನ್ನುತ್ತಾಳೆ ಪಿಂಕಿ. ಬರುವಾಗ ಆಟೋದಲ್ಲಿ ಅಳು ಬಂತು. ಸುಳ್ಳು ಯಾಕೆ ಬರೆಯಲಿ, ಅತ್ತೆ. ಯಾರ ಮೇಲೆ ಸಿಟ್ಟಾಗಬೇಕು ಎಂಬುದೂ ಗೊತ್ತಾಗುತ್ತಿಲ್ಲ. ಆ ದಿನ ಟಿವಿ ಮುಂದೆ ಕುಣಿದದ್ದು ನೆನಪಾದರೆ ಮೈ ಉರಿಯುತ್ತದೆ.

ಅಕ್ಟೋಬರ್ 14, ಮಂಗಳವಾರ

ತಿಂಗಳ ಲೆಕ್ಕ ಬರಲಿ ಎಂದು ದಸರೆಯಲ್ಲಿ ತಡೆದಿದ್ದ ಮೂರೂವರೆಯ ಮಾತು ಇನ್ನು ದೀಪಾವಳಿ ಆದಮೇಲೆ ಎಂದು ಬಂಡೆಮ್ಮನಿಗೆ ಹೇಳಿದೆ. ಆಯಿತು ಅಂದಳು. ಯಾಕೆ ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿದರೂ ಅವಳಿಗೇನು ಅರ್ಥವಾಗುತ್ತದೆ, ನನಗೇ ಆಗಿಲ್ಲ.

ಅಕ್ಟೋಬರ್ 18, ಶನಿವಾರ

ತಲೆನೋವು. ಜೋಳದ ದರ ಏರಿದೆ. ಎರಡನೇ ಹೊತ್ತಿನ ಚಹಾ ನಿಲ್ಲಿಸಿದೆ, ಹೇಗೂ ಪಿತ್ತ ಆಗುತ್ತದೆ.

ಅಕ್ಟೋಬರ್ 27, ಸೋಮವಾರ

ಇನ್ನೊಂದು ಹೊಸ ಕಾಟ. ಕೊರಿಯರ್‌ನ ವಾರದ ಲೆಕ್ಕದಲ್ಲಿ "ತೂಕದ ವ್ಯತ್ಯಾಸ" ಎಂದು ಕತ್ತರಿಸಿದ್ದಾರೆ. ನಮ್ಮ ಪಾರ್ಸೆಲ್ ಅರ್ಧ ಕಿಲೋದ ಒಳಗೆ ಎಂದು ಬರೆದಿದ್ದೇವೆ, ಅವರು ತೂಗಿದರೆ ಮೇಲೆ ಹೋಗುತ್ತದಂತೆ. ಅರ್ಧ ಕಿಲೋ ದಾಟಿದರೆ ಒಂದು ಕಿಲೋದ ಕೊರಿಯರ್, ಇಪ್ಪತ್ತಾರು ರೂಪಾಯಿ ಜಾಸ್ತಿ. ಅದರ ಮೇಲೂ ಹದಿನೆಂಟು. ಒಂದು ಪ್ಯಾಕೆಟ್ಟಿಗೆ ಮೂವತ್ತು ರೂಪಾಯಿ ಹೋದರೆ ನಾನೇನು ಮಣ್ಣು ತಿನ್ನಲೇ?

ಅರ್ಧ ಗಂಟೆ ಯೋಚಿಸಿದಮೇಲೆ ಹೊಳೆಯಿತು. ಕೊಸರು. ಹತ್ತು ಎಂದು ಬರೆದು ಹನ್ನೊಂದು ಕಳಿಸಿದರೆ ತೂಕ ಏರದೆ ಇನ್ನೇನಾಗುತ್ತದೆ. ಹಣೆ ಹಣೆ ಚಚ್ಚಿಕೊಂಡೆ. ಈ ಊರಲ್ಲಿ ಈ ಕಾಲದಲ್ಲಿ ಯಾರಾದರೂ ಪುಕ್ಕಟೆ ಕೊಡುತ್ತಾರೆಯೇ? ಇವತ್ತಿನಿಂದ ಕೊಸರು ಬಂದ್ ಎಂದು ಬಂಡೆಮ್ಮನಿಗೆ ಹೇಳಿದೆ. ಮಾರಾಟವಾಗದ ರೊಟ್ಟಿಗೆ ಇನ್ನು ಕೂಲಿಯೂ ಇಲ್ಲ. ಅವಳು ಹಿಟ್ಟು ನಾದುತ್ತಾ ಹೂಂ ಅಂದಳು.

ನವೆಂಬರ್ 3, ಸೋಮವಾರ

ಹೋದ ವಾರದ್ದೂ ಬಂತು. ಇಪ್ಪತ್ತು ಪಾರ್ಸೆಲ್ ಮೇಲೆ ಮತ್ತೆ ತೂಕ. ಕೊಸರು ನಿಲ್ಲಿಸಿದಮೇಲೂ ಹೇಗೆ ಎಂದು ಅನುಮಾನ ಬಂದು, ಕಟ್ಟಿಟ್ಟಿದ್ದ ಎರಡು ಪ್ಯಾಕೆಟ್ ಬಿಚ್ಚಿ ಎಣಿಸಿದೆ. ಎರಡರಲ್ಲೂ ಹನ್ನೊಂದು.

ಬಂಡೆಮ್ಮನನ್ನು ಕರೆದು ಮುಂದೆ ಇಟ್ಟೆ. ಅವಳು ಸುಳ್ಳು ಹೇಳಲಿಲ್ಲ. "ಎಣಿಸಿ ಹತ್ತ ಇಟ್ಟು ಮುಚ್ಚಾಕ ಮನಸ್ಸು ಒಪ್ಪಂಗಿಲ್ಲರಿ ಅಕ್ಕಾರ. ನೀವು ರೊಕ್ಕ ಕೊಡಬ್ಯಾಡ್ರಿ, ಆ ಒಂದು ನಾ ಸುಮ್ನ ಬಡೀತೀನಿ," ಅಂದಳು. ಅಂದರೆ ಅವಳು ದಾನ ಮಾಡಬೇಕು, ನಾನು ದಂಡ ಕಟ್ಟಬೇಕು. ಮನಸ್ಸಿಗೆ ಬಂದಂತೆ ಅಂದೆ. ನಿನ್ನ ಊರಲ್ಲ ಇದು, ಇಲ್ಲಿ ಪ್ರತಿ ಗ್ರಾಂಗೂ ಲೆಕ್ಕ ಇದೆ ಎಂದೆ. ಎರಡೂ ಪ್ಯಾಕೆಟ್ಟಿನಿಂದ ಒಂದೊಂದು ತೆಗೆದು ಅವಳೇ ಮತ್ತೆ ಕಟ್ಟಿದಳು.

ಕಂಪನಿಗೆ ಪಿಂಕಿಯ ಕೈಯಲ್ಲಿ ದೂರು ಬರೆಸಿದ್ದೇನೆ, ಹಳೆಯ ಪಾರ್ಸೆಲ್‌ಗಳದ್ದಾದರೂ ವಾಪಸ್ ಕೊಡಲಿ ಎಂದು. ದೂರಿಗೆ ಒಂದು ನಂಬರ್ ಕೊಟ್ಟಿದ್ದಾರೆ, ಹನ್ನೆರಡು ಅಂಕಿಯದು. ಇಪ್ಪತ್ತು ಪಾರ್ಸೆಲ್‌ನ ಆರುನೂರ ಹದಿಮೂರು ರೂಪಾಯಿ ಮಾತ್ರ ಬಂಡೆಮ್ಮನದೇ. ಹೇಳಿದಮೇಲೂ ಇಟ್ಟಳಲ್ಲ. ತಪ್ಪು ಯಾರದೋ ಅವರೇ ಭರಿಸಬೇಕು, ಇದರಲ್ಲಿ ದ್ವೇಷವೇನೂ ಇಲ್ಲ.

ನವೆಂಬರ್ 8, ಶನಿವಾರ

ಶನಿವಾರ ಬಟವಾಡೆ. ಬಾಯಿಮಾತಿನಲ್ಲಿ ಹೇಳಿದರೆ ಜಗಳವಾಗುತ್ತದೆ ಎಂದು ಒಂದು ಹಾಳೆಯಲ್ಲಿ ಚೆನ್ನಾಗಿ ಗೆರೆ ಎಳೆದು ಬರೆದೆ. ಈ ವಾರ ಬಡಿದ ರೊಟ್ಟಿ ಏಳುನೂರ ಎಂಬತ್ತು. ಕೂಲಿ ಎರಡು ಸಾವಿರದ ಮುನ್ನೂರ ನಲವತ್ತು. ಕಡಿತ: ತೂಕದ ವ್ಯತ್ಯಾಸ ಆರುನೂರ ಹದಿಮೂರು. ಮುರಿದ ರೊಟ್ಟಿ ತೊಂಬತ್ತು. ಗ್ಯಾಸಿನ ಪಾಲು ಇನ್ನೂರು. ಉಳಿದದ್ದು ಸಾವಿರದ ನಾನೂರ ಮೂವತ್ತೇಳು. ಎಲ್ಲ ಮುಚ್ಚುಮರೆ ಇಲ್ಲದೆ. ನಾನು ಮೋಸ ಮಾಡುವವಳಲ್ಲ.

ಅವಳಿಗೆ ಓದಲು ಬರುವುದಿಲ್ಲ. ನಾನೇ ಓದಿ ಹೇಳಿದೆ. ಗ್ಯಾಸಿನ ಪಾಲು ಅಂದರೇನು ಎಂದು ಕೇಳಿದಳು, ಇದುವರೆಗೆ ಇರಲಿಲ್ಲವಲ್ಲ ಎಂದಳು. ಈಗ ಇದೆ, ನೋಡು ಇಲ್ಲಿ ಬರೆದಿದೆ ಎಂದು ತೋರಿಸಿದೆ. ದುಡ್ಡು ತೆಗೆದುಕೊಂಡಳು, ಹಾಳೆಯನ್ನು ಅಲ್ಲೇ ಬಿಟ್ಟು ಹೋದಳು. ಎಷ್ಟು ಕಷ್ಟಪಟ್ಟು ಬರೆದಿದ್ದೆ.

ಇವರು ಡ್ಯೂಟಿ ಮುಗಿಸಿ ಬಂದು ಮೇಜಿನ ಮೇಲಿನ ಹಾಳೆ ಎತ್ತಿ ನೋಡಿದರು. "ಈ ಹಲ್ಕಟ್ ಕಂಪನಿಯವರು ಗ್ಯಾಸಿಗೂ ಕತ್ತರಿ ಹಾಕಾಕತ್ತಾರೇನು?" ಎಂದರು. ಅದು ಕಂಪನಿಯ ಹಾಳೆ ಅಲ್ಲ, ಬಂಡೆಮ್ಮನದು ಅಂದೆ. ಇವರು ಹಾಳೆ ಇಟ್ಟು ಸ್ನಾನಕ್ಕೆ ಹೋದರು. ಊಟಕ್ಕೆ ಕೂತು ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದರು. ಡ್ಯೂಟಿಯಲ್ಲಿ ಏನಾದರೂ ಆಗಿರಬೇಕು.

ನವೆಂಬರ್ 10, ಸೋಮವಾರ

ಬಂಡೆಮ್ಮ ಬಂದಿಲ್ಲ. ಫೋನ್ ಸ್ವಿಚ್ ಆಫ್.

ನವೆಂಬರ್ 12, ಬುಧವಾರ

ಇವತ್ತೂ ಇಲ್ಲ. ಮೂರು ದಿನದಿಂದ ನಾನೇ ಬಡಿಯುತ್ತಿದ್ದೇನೆ. ನಲವತ್ತಕ್ಕೆ ಮೊಣಕೈ ಸೆಳೆಯುತ್ತದೆ, ಅರವತ್ತಕ್ಕೆ ಬೆರಳು ಮಡಚಲು ಬರುವುದಿಲ್ಲ. ಅವಳು ನೂರಾಮೂವತ್ತು, ನೂರಾಐವತ್ತು ಹೇಗೆ ಬಡಿಯುತ್ತಿದ್ದಳೋ, ಅದೂ ಆ ಭುಜ ಇಟ್ಟುಕೊಂಡು. ಏಳು ಆರ್ಡರ್ ರದ್ದು ಮಾಡಿದೆವು. ರದ್ದು ಮಾಡಿದ್ದಕ್ಕೂ ಕಂಪನಿ ಫೀ ಹಾಕುತ್ತದೆ, ಆ ಫೀ ಮೇಲೂ ಹದಿನೆಂಟು.

ಅಷ್ಟಕ್ಕೇ ಬಿಟ್ಟುಹೋಗುವುದೇ? ಒಂದು ಮಾತು ಹೇಳಿ ಹೋಗಬಾರದಿತ್ತೇ? ಸಿಟ್ಟಿದೆ, ಆದರೂ ಮತ್ತೆ ಮತ್ತೆ ಅವಳ ನಂಬರ್ ಒತ್ತುತ್ತೇನೆ. ಭುಜ ಹೋದವಳು ಎಲ್ಲಿ ಕೆಲಸಕ್ಕೆ ಹೋಗಿದ್ದಾಳೋ.

ನವೆಂಬರ್ 17, ಸೋಮವಾರ

ನಾನೇ ಎಣಿಸಿ ಕಟ್ಟಿದ ಪಾರ್ಸೆಲ್‌ಗಳು. ಹತ್ತಕ್ಕೆ ಹತ್ತು. ಆದರೂ ತೂಕದ ಕಡಿತ ಬಂದಿದೆ. ಏನಿದು?

ನವೆಂಬರ್ 24, ಸೋಮವಾರ

ದೂರಿಗೆ ಉತ್ತರ ಬಂತು, ಮೂರು ವಾರಕ್ಕೆ. ನಮ್ಮ ಡಬ್ಬದ ಪಕ್ಕ ಅಳತೆ ಪಟ್ಟಿ ಇಟ್ಟು ತೆಗೆದ ಮೂರು ಫೋಟೊ ಕಳಿಸಿದ್ದಾರೆ. ಕೊರಿಯರ್‌ನವರು ಅಕ್ಟೋಬರ್‌ನಿಂದ ನಡುನಡುವೆ ಕೆಲವು ಪಾರ್ಸೆಲ್ ಹಿಡಿದು ನೋಡುತ್ತಾರಂತೆ, ಬರೀ ತೂಗುವುದಿಲ್ಲವಂತೆ. ಡಬ್ಬದ ಉದ್ದ, ಅಗಲ, ಎತ್ತರ ಗುಣಿಸಿ ಅದರಿಂದಲೂ ಒಂದು ತೂಕ ಕಟ್ಟುತ್ತಾರಂತೆ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಪಿಂಕಿ ಲೆಕ್ಕ ಹಾಕಿದಳು. ಹಳೆಯ ಡಬ್ಬ ಅರ್ಧ ಕಿಲೋದ ಒಳಗೇ ಬರುತ್ತಿತ್ತು. ಬೇಗಂ ಬಜಾರ್‌ನ ಹೊಸ ಡಬ್ಬ ಖಾಲಿ ಇದ್ದರೂ ಮುಕ್ಕಾಲು ಕಿಲೋದ ಹತ್ತಿರ.

ಆಮೇಲೆ ಅವಳು ಅಡುಗೆಮನೆಯ ತಕ್ಕಡಿ ತಂದು ಹನ್ನೊಂದು ರೊಟ್ಟಿ ಡಬ್ಬದಲ್ಲಿಟ್ಟು ತೂಗಿದಳು. ನಾನೂರ ಎಂಬತ್ತೆಂಟು ಗ್ರಾಂ. ಕೊಸರು ಸೇರಿ, ಡಬ್ಬ ಸೇರಿ.

ಹಿಟ್ಟು ತೂಗುವ ತಕ್ಕಡಿ ಮೂರು ವರ್ಷದಿಂದ ಅಲ್ಲೇ ಕಪಾಟಿನಲ್ಲಿದೆ. ನಾನು ಒಂದು ದಿನವೂ ರೊಟ್ಟಿಯನ್ನು ತೂಗಿ ನೋಡಲಿಲ್ಲ. ನಮ್ಮಲ್ಲಿ ರೊಟ್ಟಿಯನ್ನು ಯಾರು ತೂಗುತ್ತಾರೆ, ಎಣಿಸುತ್ತೇವೆ. ಎಣಿಸಿದೆ, ಹನ್ನೊಂದು ಸಿಕ್ಕಿತು, ಕಳ್ಳಿ ಸಿಕ್ಕಳು ಎಂದುಕೊಂಡೆ. ಡಬ್ಬ ತಂದವಳು ನಾನು.

ಪಿಂಕಿ ನನ್ನನ್ನೇ ನೋಡುತ್ತಿದ್ದಳು. ಎದ್ದು ಹಿತ್ತಲಿಗೆ ಹೋದೆ. ನಾಚಿಕೆಯಾಗಿದೆ. ಬರೆಯಲೂ ನಾಚಿಕೆ.

ನವೆಂಬರ್ 26, ಬುಧವಾರ

ನಿನ್ನೆ ಬಂಡೆಮ್ಮನ ಖೋಲಿಗೆ ಹೋದೆ, ಬೀಗ. ಬೆಳಿಗ್ಗೆ ಅಡ್ಡಾದಲ್ಲಿ ಇರುತ್ತಾಳೆ ಎಂದು ಪಕ್ಕದವರು ಹೇಳಿದರು. ಕುಷಾಯಿಗೂಡದ ರಸ್ತೆಯಲ್ಲಿ ಕೂಲಿಯವರು ನಿಲ್ಲುವ ಜಾಗ ಅದು. ಇವತ್ತು ಆರೂವರೆಗೇ ಹೋದೆ. ನೂರಾರು ಜನ, ಅರ್ಧಕ್ಕರ್ಧ ನಮ್ಮ ಕಡೆಯವರೇ, ಕಿವಿಗೆ ಊರಿನ ಮಾತೇ ಬೀಳುತ್ತಿತ್ತು. ಫುಟ್‌ಪಾತಿನ ಅಂಚಿಗೆ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ಎದ್ದು ನಿಂತದ್ದು ನೋಡಿ ನನಗೆ ಇನ್ನೂ ಕಷ್ಟವಾಯಿತು.

ಆರುನೂರ ಹದಿಮೂರನ್ನು ಕೈಗಿಟ್ಟೆ. ತಪ್ಪು ನನ್ನದು, ಡಬ್ಬ ದೊಡ್ಡದಾಗಿತ್ತು, ನಿನ್ನ ಕೊಸರಿನಿಂದ ಏನೂ ಆಗಿಲ್ಲ, ದೂರು ಬರೆಸಿದ್ದಕ್ಕೆ ಇಪ್ಪತ್ತು ದಿನದ ಮೇಲೆ ಕಂಪನಿಯವರೇ ಉತ್ತರ ಬರೆದಿದ್ದಾರೆ ಎಂದು ಎಲ್ಲ ಬಿಡಿಸಿ ಹೇಳಿದೆ. ಅವಳು ದುಡ್ಡನ್ನು ಎಣಿಸಲಿಲ್ಲ, ಸಂಚಿಯಲ್ಲಿಟ್ಟುಕೊಂಡಳು. ಗ್ಯಾಸಿನದ್ದು ಅವಳು ಕೇಳಲಿಲ್ಲ, ನಾನೂ ಎತ್ತಲಿಲ್ಲ.

"ನಿಮಗ ತಪ್ಪು ಹಿಡದ್ರ ಬರದು ಕೇಳಾಕ ಒಂದು ಜಾಗಾ ಐತಿ," ಅಂದಳು. "ಇಪ್ಪತ್ತು ದಿನಕ್ಕರ ಉತ್ತರ ಬಂತು. ನಾ ಯಾರಿಗೆ ಕೇಳಬೇಕಿತ್ತರಿ ಅಕ್ಕಾರ?"

ನನ್ನನ್ನು ಕೇಳಬೇಕಿತ್ತು ಅಂದೆ.

"ಕೇಳಿದ್ನೆಲ್ಲ. ಹಾಳಿ ತೋರಿಸಿದ್ರಿ."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ನಡಿ, ವಾಪಸ್ ಬಾ, ನಿನ್ನ ಭುಜಕ್ಕೆ ಈ ಕೆಲಸ ಆಗುವುದಿಲ್ಲ ಎಂದೆ. ಕೈ ಹಿಡಿದುಕೊಂಡು ಕೇಳಿದೆ, ಸುತ್ತಲಿನ ಹೆಂಗಸರು ನೋಡುತ್ತಿದ್ದರು. ಬರುವುದಿಲ್ಲ ಎಂದು ಅವಳು ಅನ್ನಲಿಲ್ಲ. ಅವಳಿಗೂ ಬರುವ ಮನಸ್ಸಿತ್ತು, ಇದನ್ನು ದೇವರ ಮೇಲೆ ಆಣೆಯಿಟ್ಟು ಬರೆಯುತ್ತೇನೆ.

"ರೊಟ್ಟಿಗಿ ಎಷ್ಟು ಅಂತ ಕೇಳಂಗಿಲ್ಲ," ಅಂದಳು. "ವಾರಕ್ಕ ಕೈಯಾಗ ಎಷ್ಟು ಬರತೈತಿ, ಅದೊಂದು ಹೇಳ್ರಿ."

ನಾನು ಬಾಯಿ ತೆರೆದೆ. ತಲೆಯಲ್ಲಿ ಇನ್ನೂರು, ಎಂಬತ್ತು, ಹದಿನಾಲ್ಕು ಎಲ್ಲ ಓಡಿದವು. "ಅದು ಹಿಂಗ ಅಂತ ಹೇಳಾಕ ಬರಂಗಿಲ್ಲ ಬಂಡೆಮ್ಮಾ. ಆರ್ಡರ್ ಎಷ್ಟು ಬರತಾವ, ಅದರಾಗ ಎಷ್ಟು ಕಟ್ ಆಗತೈತಿ, ತಿಂಗಳ ಕೊನೀಗಿ ನೋಡಿ..."

ಅಷ್ಟರಲ್ಲಿ ಟೆಂಪೊ ಬಂತು. ಮೇಸ್ತ್ರಿ ಹೆಂಗಸರು ಐದು ಜನ ಎಂದು ಕೂಗಿದ. ಬಂಡೆಮ್ಮ ನನ್ನ ಮಾತು ಮುಗಿಯುತ್ತದೇನೋ ಎಂದು ಇನ್ನೂ ಸ್ವಲ್ಪ ನಿಂತಳು. ಆಮೇಲೆ ಬರ್ತೀನ್ರಿ ಎಂದು ಹೋದಳು. ಟೆಂಪೊ ಹತ್ತಲು ಬಲಗೈ ಏಳಲಿಲ್ಲ, ಮೇಲಿದ್ದ ಒಬ್ಬ ಮುದುಕಿ ಎಡಗೈ ಹಿಡಿದು ಎಳೆದುಕೊಂಡಳು.

ಮನೆಗೆ ಬಂದು ಇವರಿಗೆ ನಡೆದದ್ದೆಲ್ಲ ಹೇಳಿದೆ. ನೀ ಏನು ಹೇಳಿದಿ ಎಂದು ಕೇಳಿದರು. ನೋಡಬೇಕು ಎಂದು ಹೇಳಿದೆ ಎಂದೆ. ಕಂಪನಿಯವರು ಫೋನಿನಲ್ಲಿ ನನಗೆ ಹೇಳುವುದೂ ಇದನ್ನೇ, ಆಗ ನಾನು ಎಷ್ಟು ಬೈಯುತ್ತೇನೆ ಎಂದು ಇವರಿಗೆ ಗೊತ್ತು.

ಮಧ್ಯಾಹ್ನವೆಲ್ಲ ಕೂತೆ. ಪಿಂಕಿಗೆ ಹೇಳಿ ಪ್ಯಾಕೆಟ್ ಬೆಲೆ ಇನ್ನೂರ ಇಪ್ಪತ್ತೈದು ಮಾಡಿಸಿದೆ. ಹೆಸರು ಕೆಳಗೆ ಹೋಗುವುದಿದ್ದರೆ ಹೋಗಲಿ. ಬಂಡೆಮ್ಮನಿಗೆ ವಾರಕ್ಕೆ ಎರಡು ಸಾವಿರದ ಆರುನೂರು, ಆರ್ಡರ್ ಬರಲಿ ಬಿಡಲಿ, ರೊಟ್ಟಿ ಮುರಿಯಲಿ ಬಿಡಲಿ. ಕಂಪನಿ ಕತ್ತರಿಸಿದ್ದು, ಅದರ ಮೇಲಿನ ತೆರಿಗೆ ನನ್ನ ಹತ್ತಿರವೇ ನಿಲ್ಲಲಿ. ಗ್ಯಾಸಿನ ಇನ್ನೂರು, ಮುರಿದ ರೊಟ್ಟಿಯ ತೊಂಬತ್ತು ಕೂಡ ಒಂದು ಚೀಟಿಯಲ್ಲಿ ಸುತ್ತಿ ಇಟ್ಟಿದ್ದೇನೆ. ನಾಳೆ ಹೋಗಿ ನಿಂತಕಾಲ ಮೇಲೆ ಹೇಳುತ್ತೇನೆ.

ನವೆಂಬರ್ 27, ಗುರುವಾರ

ಆರು ಗಂಟೆಗೇ ಹೋಗಿದ್ದೆ. ಬಂಡೆಮ್ಮ ಅಡ್ಡಾದಲ್ಲಿ ಇರಲಿಲ್ಲ. ನಿನ್ನೆ ಅವಳನ್ನು ಟೆಂಪೊ ಮೇಲೆ ಎಳೆದುಕೊಂಡ ಮುದುಕಿ ಇದ್ದಳು, ಸುರಪುರದವಳಂತೆ. ಬಂಡೆಮ್ಮ ನಿನ್ನೆ ಸಂಜೆಯೇ ಮೇಸ್ತ್ರಿಯ ಹತ್ತಿರ ಮೂರು ತಿಂಗಳ ಕೆಲಸಕ್ಕೆ ಮುಂಗಡ ತೆಗೆದುಕೊಂಡು, ಗಂಡನ ಜೊತೆ ಮಣಿಕೊಂಡದ ಶೆಡ್ಡಿಗೇ ಸಾಮಾನು ಸಾಗಿಸಿದ್ದಾಳೆ. ಇಪ್ಪತ್ತೊಂದು ಅಂತಸ್ತಿನ ಕಟ್ಟಡ, ಮರಳು ಹೊರುವ ಕೆಲಸ.

ಅವಳ ಭುಜ ಎಂದೆ. ಎಡಗೈ ಐತೆಲ್ಲ ಅಂದಳವ್ವಾ ಎಂದಳು ಮುದುಕಿ.

ಮೇಸ್ತ್ರಿ ಕೂಲಿ ಎಷ್ಟು ಹೇಳಿದ ಎಂದು ಕೇಳಿದೆ. ದಿನಕ್ಕೆ ಆರುನೂರು, ಸಂಜೆ ಕೈಯಲ್ಲಿ. ಅವಳು ಕೇಳಿದ ಕೂಡಲೇ ಹೇಳಿದನಂತೆ. ಅದೇ ಮಾತು ಹೇಳಲು ನನಗೆ ಒಂದು ದಿನ ಬೇಕಾಯಿತು.